ಮಣ್ಣಿನ ಮನೆಗೆ ಯಾವ ಗೋಡೆ? ಆರಿಸುವ ಮೊದಲು ಅಳೆಯಬೇಕಾದದ್ದು

ಮಣ್ಣಿನ ಮನೆ ಕಟ್ಟಬೇಕು ಅನ್ನುವವರೆಗೆ ಎಲ್ಲರದೂ ಒಂದೇ ಮಾತು. ಯಾವ ಬಗೆಯ ಮಣ್ಣಿನ ಗೋಡೆ ಎಂದ ಕೂಡಲೇ ಗೊಂದಲ ಶುರು. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯೇ, ಪ್ರೆಸ್ಸಿನಲ್ಲಿ ಒತ್ತಿದ ಬ್ಲಾಕೇ, ಮುದ್ದೆ ಇಟ್ಟು ಕೈಯಲ್ಲೇ ಏರಿಸುವ ಗೋಡೆಯೇ, ಹಲಗೆಗಳ ನಡುವೆ ಮಣ್ಣು ಸುರಿದು ದಮ್ಮಸು ಹೊಡೆದದ್ದೇ, ಬಿದಿರ ತಡಿಕೆಗೆ ಮಣ್ಣು ಮೆತ್ತಿದ್ದೇ? ಒಂದೊಂದಕ್ಕೂ ಅದರದೇ ಅಭಿಮಾನಿಗಳಿದ್ದಾರೆ. ತಾವು ಕಟ್ಟಿದ ಬಗೆಯೇ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ತಂಪು ಎಂದು ಅವರು ಹೇಳುವುದು ಸುಳ್ಳೇನಲ್ಲ. ಅವರ ಮಣ್ಣಿಗೆ, ಅವರ ಮಳೆಗೆ, ಅವರ ಬಳಿಯಿದ್ದ ಕೂಲಿಗೆ ಅದು ನಿಜ. ನಿಮ್ಮ ನಿವೇಶನಕ್ಕೂ ನಿಜವೇ ಎಂಬುದನ್ನು ಫೋಟೋ ನೋಡಿ ಹೇಳಲು ಆಗುವುದಿಲ್ಲ, ಅಳೆದೇ ನೋಡಬೇಕು.

ಅಳೆಯಬೇಕಾದವು ಐದು: ನೆಲದಡಿಯ ಮಣ್ಣು ಎಂಥದ್ದು, ಗೋಡೆಗೆ ಎಷ್ಟು ನೀರು ಬಡಿಯುತ್ತದೆ, ದುಡಿಯುವ ಕೈಗಳು ಎಷ್ಟು, ಮಳೆಯಿಲ್ಲದ ದಿನಗಳು ಎಷ್ಟು, ಗೋಡೆಯ ದಪ್ಪಕ್ಕೆ ಬಿಟ್ಟುಕೊಡಲು ಜಾಗ ಎಷ್ಟು. ದುಡ್ಡು ಆರನೆಯದಲ್ಲ. ಈ ಐದರ ಒಳಗೇ ಅದು ಕೂತಿರುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಇಲ್ಲಿ ಉದ್ದಕ್ಕೂ ಒಂದೇ ಕೋಣೆಯನ್ನು ಇಟ್ಟುಕೊಂಡಿದೆ: ಒಳ ಅಳತೆ 6 ಮೀಟರ್ × 4 ಮೀಟರ್, ಗೋಡೆಯ ಎತ್ತರ 2.7 ಮೀಟರ್, ಬಾಗಿಲು ಕಿಟಕಿಗಳಿಗೆ ನೂರಕ್ಕೆ 15 ಪಾಲು ಕಳೆದದ್ದು.

ಮೊದಲು ಮಣ್ಣು

ಬೇರು, ಎಲೆಗೊಬ್ಬರ ಇರುವ ಮೇಲ್ಮಣ್ಣು ಯಾವ ಗೋಡೆಗೂ ಬರುವುದಿಲ್ಲ. ಅದನ್ನು ತೋಟಕ್ಕೆ ಬಿಟ್ಟು ಕೆಳಗಿನ ಮಣ್ಣು ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡು, ಅಂದರೆ ಮರಳಿಗಿಂತ ನುಣ್ಣಗಿನ ಹೂಳು, ಕೂರುತ್ತದೆ. ಜೇಡಿ ಕೂತು ನೀರು ತಿಳಿಯಾಗಲು ಒಂದು ದಿನವೋ ಹೆಚ್ಚೋ ಬೇಕು. ಪದರಗಳನ್ನು ಸ್ಕೇಲಿಟ್ಟು ಅಳೆಯಿರಿ. ನೀರು ಕುಡಿದ ಜೇಡಿ ಉಬ್ಬಿರುವುದರಿಂದ ಬಾಟಲಿ ಅದನ್ನು ಇರುವುದಕ್ಕಿಂತ ತುಸು ಹೆಚ್ಚಾಗಿಯೇ ತೋರಿಸುತ್ತದೆ.

ಇದಕ್ಕಿಂತ ಹೆಚ್ಚು ಹೇಳುವುದು ಕುಗ್ಗುವ ಪರೀಕ್ಷೆ. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆಗೆ ಒಳಗೆಲ್ಲ ಎಣ್ಣೆ ಸವರಿ, ಒದ್ದೆ ಮಣ್ಣನ್ನು ಸಂದಿಲ್ಲದಂತೆ ಒತ್ತಿ ತುಂಬಿ. ಮೂರು ದಿನ ಬಿಸಿಲಲ್ಲೋ ಒಂದು ವಾರ ನೆರಳಲ್ಲೋ ಇಟ್ಟು, ಒಣಗಿದ ತುಂಡುಗಳನ್ನೆಲ್ಲ ಒಂದು ತುದಿಗೆ ದೂಡಿ, ಖಾಲಿಯಾದ ಜಾಗ ಅಳೆಯಿರಿ. 15 ಮಿ.ಮೀ. ಒಳಗಿದ್ದರೆ ಆ ಮಣ್ಣು ಒತ್ತಿದ ಬ್ಲಾಕಿಗೆ ಹೇಳಿ ಮಾಡಿಸಿದ್ದು, 18 ಪಾಲು ಮಣ್ಣಿಗೆ 1 ಪಾಲು ಸಿಮೆಂಟು ಸಾಕು. 15ರಿಂದ 30 ಮಿ.ಮೀ.ಗೆ 16ಕ್ಕೆ 1, 30ರಿಂದ 45ಕ್ಕೆ 14ಕ್ಕೆ 1, 45ರಿಂದ 60ಕ್ಕೆ 12ಕ್ಕೆ 1. ಅದಕ್ಕೂ ಮೇಲೆ ಹೋದರೆ ಸಿಮೆಂಟು ಹೆಚ್ಚಿಸುವುದು ದುಡ್ಡು ಕರಗಿಸುವ ದಾರಿ. ಮರಳು ಬೆರೆಸಿ ಮತ್ತೆ ಪೆಟ್ಟಿಗೆ ತುಂಬಿ. ಎರೆಮಣ್ಣಿನ ಜಾಗವಾದರೆ ಗೋಡೆಗಿಂತ ಮುಂಚೆ ಪಾಯದ ಚಿಂತೆ ಮಾಡಬೇಕು. ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಆ ನೆಲ ಎಂಥ ಗೋಡೆಯನ್ನಾದರೂ ಸೀಳಿಬಿಡುತ್ತದೆ.

ದಪ್ಪ ಗೋಡೆಯ ಗುಪ್ತ ಖರ್ಚು

'ಮಣ್ಣು ಪುಕ್ಕಟೆ, ಹಾಗಾಗಿ ದಪ್ಪ ಗೋಡೆಯೂ ಪುಕ್ಕಟೆ' ಎಂಬ ಲೆಕ್ಕದಲ್ಲಿ ಬಹಳ ಜನ ಜಾರುತ್ತಾರೆ. ನಮ್ಮ ಕೋಣೆಗೆ 45 ಸೆಂ.ಮೀ. ದಪ್ಪದ ಗೋಡೆ ಕಟ್ಟಿದರೆ ಹೊರ ಅಳತೆ 6.9 × 4.9, ಅಂದರೆ 33.8 ಚದರ ಮೀಟರ್. 19 ಸೆಂ.ಮೀ. ಬ್ಲಾಕಿನಲ್ಲಿ ಕಟ್ಟಿದರೆ 27.9. ಒಳಗೆ ಓಡಾಡುವ ಜಾಗ ಎರಡರಲ್ಲೂ 24 ಚದರ ಮೀಟರೇ. ಮಿಕ್ಕ ಸುಮಾರು 6 ಚದರ ಮೀಟರಿಗೆ ನೀವು ಸೂರು ಹೊದಿಸಬೇಕು, ಅಗಲವಾದ ಪಾಯ ತೋಡಿ ಕಲ್ಲು ತುಂಬಬೇಕು. ಮನೆಯಲ್ಲಿ ನಿಜವಾಗಿ ದುಡ್ಡು ತಿನ್ನುವುದು ಸೂರು ಮತ್ತು ಪಾಯ. ಗೋಡೆಯಲ್ಲಿ ಉಳಿಸಿದ್ದನ್ನು ಅಲ್ಲಿ ಸುರಿಯುವಂತಾಗಬಾರದು.

ದಪ್ಪದಿಂದ ಲಾಭವೂ ಇದೆ, ಎಲ್ಲ ಕಡೆ ಅಲ್ಲ. ಮಣ್ಣು ಬಿಸಿಯನ್ನು ತಡೆಯುವುದಿಲ್ಲ, ಹೀರಿ ಹಿಡಿದಿಟ್ಟು ತಡವಾಗಿ ಬಿಡುತ್ತದೆ. 30 ಸೆಂ.ಮೀ. ಗೋಡೆಯಲ್ಲಿ ಹೊರಗಿನ ಮಧ್ಯಾಹ್ನದ ಕಾವು ಒಳಗೆ ತಲುಪುವುದಕ್ಕೆ ಸುಮಾರು 8ರಿಂದ 10 ಗಂಟೆ ಬೇಕು. ಹಗಲು ಉರಿಬಿಸಿಲು, ರಾತ್ರಿ ಚಳಿ ಇರುವ ಒಣ ಸೀಮೆಯಲ್ಲಿ ಇದು ವರ. ರಾತ್ರಿಯೂ ಸೆಕೆ ಇಳಿಯದ ತೇವದ ಹವೆಯಲ್ಲಿ ಅದೇ ಗೋಡೆ ಮಲಗುವ ಹೊತ್ತಿಗೆ ಸರಿಯಾಗಿ ಕಾವು ಉಗುಳುತ್ತದೆ. ಅಂಥ ಕಡೆ ತೆಳು ಗೋಡೆ, ದೊಡ್ಡ ಕಿಟಕಿ, ಉದ್ದನೆಯ ಸೂರೇ ಲೇಸು.

ಹಸಿ ಇಟ್ಟಿಗೆ

ಅಡೋಬಿ ಎಂದು ಜಗತ್ತು ಕರೆಯುವುದು ಇದನ್ನೇ. ಯೆಮೆನ್ ದೇಶದ ಶಿಬಾಮ್ ಪಟ್ಟಣದಲ್ಲಿ ಹಲವು ಅಂತಸ್ತಿನ ಮನೆಗಳು ನಿಂತಿರುವುದು ಹಸಿ ಇಟ್ಟಿಗೆಯ ಮೇಲೆ. ಬಲದ ಬಗ್ಗೆ ಅನುಮಾನ ಇರುವವರಿಗೆ ಇಷ್ಟು ಸಾಕು. ಬೇಕಾದದ್ದು ಮರದ ಅಚ್ಚು, ಸಮತಟ್ಟಾದ ಅಂಗಳ, ಬಿಸಿಲು. ಸಿಮೆಂಟು ಬೇಡ, ಯಂತ್ರ ಬೇಡ, ಕರೆಂಟು ಬೇಡ.

ನಮ್ಮ ಕೋಣೆಗೆ 35 × 25 × 10 ಸೆಂ.ಮೀ. ಇಟ್ಟಿಗೆಯಲ್ಲಿ 35 ಸೆಂ.ಮೀ. ದಪ್ಪದ ಗೋಡೆ ಎಂದರೆ ಸುಮಾರು 1,500 ಇಟ್ಟಿಗೆ. ಒಡೆಯುವುದಕ್ಕೆಂದು ನೂರೈವತ್ತು ಹೆಚ್ಚಿಗೆ ಹಾಕಿಕೊಳ್ಳಿ. ಒಂದೊಂದೂ 14–15 ಕೆ.ಜಿ. ತೂಗುತ್ತದೆ. ಕಲೆಸಿಟ್ಟ ಮಣ್ಣಿದ್ದರೆ ಇಬ್ಬರು ದಿನಕ್ಕೆ 100ರಿಂದ 150 ಅಚ್ಚು ಹಾಕಬಹುದು. ಎರಡು ವಾರದ ಕೆಲಸ. ಆಮೇಲೆ ಮೂರು ನಾಲ್ಕು ವಾರ ಒಣಗಲು.

ಕೆಡುವುದು ಈ ಒಣಗುವ ಹೊತ್ತಿನಲ್ಲೇ. ಅಚ್ಚು ತೆಗೆದ ಮೊದಲ ದಿನ ಉರಿಬಿಸಿಲಿಗೆ ಬಿಟ್ಟರೆ ಮೇಲ್ಮೈ ಮೊದಲೇ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ತೆಳ್ಳಗೆ ಹುಲ್ಲು ಹೊದಿಸಿ. ಎರಡು ಮೂರು ದಿನಕ್ಕೆ ಅಂಚಿನ ಮೇಲೆ ನಿಲ್ಲಿಸಿ, ಎರಡೂ ಮುಖಕ್ಕೆ ಗಾಳಿ ಸಿಗಲಿ. ಆದರೂ ಬಿರಿದರೆ ಜೇಡಿ ಜಾಸ್ತಿ, ಮರಳು ಸೇರಿಸಿ. ಅಂಚು ಉದುರಿದರೆ ಜೇಡಿ ಕಡಿಮೆ. ಒಣಗಿದ ಇಟ್ಟಿಗೆಯನ್ನು ಸೊಂಟದೆತ್ತರದಿಂದ ಮೂಲೆ ಕೆಳಗಾಗಿ ಬೀಳಿಸಿ ನೋಡಿ. ಮೂಲೆ ಮಾತ್ರ ಮುರಿದರೆ ಪಾಸು, ಎರಡು ಹೋಳಾದರೆ ಕಲಸಿದ್ದರಲ್ಲೇ ತಪ್ಪಿದೆ. ಕಟ್ಟುವ ಗಾರೆಯೂ ಅದೇ ಮಣ್ಣಿನದಾಗಿರಲಿ. ಹಸಿ ಇಟ್ಟಿಗೆಯ ನಡುವೆ ಸಿಮೆಂಟು ಗಾರೆ ಹಾಕಿದರೆ ಇಟ್ಟಿಗೆಗಿಂತ ಗಾರೆ ಗಟ್ಟಿಯಾಗಿ, ಗೋಡೆ ಅಲುಗಿದಾಗ ಸೀಳುವುದು ಇಟ್ಟಿಗೆಯೇ.

ಇದರ ದೊಡ್ಡ ಕುಂದು ನೀರು. ನೆನೆದರೆ ಮತ್ತೆ ಕೆಸರು. ಇಟ್ಟಿಗೆ ಮಾಡಲು, ಒಣಗಿಸಲು, ಕಟ್ಟಲು, ಸೂರು ಮುಚ್ಚಲು ಒಟ್ಟು ನಾಲ್ಕು ತಿಂಗಳು ಒಣ ಹವೆ ಕೈಯಲ್ಲಿಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ಒತ್ತಿದ ಬ್ಲಾಕು

ಮಣ್ಣಿಗೆ ನೂರಕ್ಕೆ ಐದಾರು ಪಾಲು ಸಿಮೆಂಟು ಬೆರೆಸಿ, ಬರಿ ತೇವ ಮಾಡಿ, ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆ. ಕೈಯಲ್ಲಿ ಎಳೆಯುವ ಪ್ರೆಸ್ಸಿನ ಮೂಲರೂಪ ಸಿನ್ವಾ-ರಾಮ್ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ತಯಾರಾದದ್ದು. ಇಂದಿನ ಹೆಚ್ಚಿನ ಕೈಪ್ರೆಸ್ಸುಗಳು ಅದರ ವಂಶದವೇ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅನುಮಾನದಲ್ಲಿರುವವರಲ್ಲಿ ಬಹುಪಾಲು ಜನ ಕೊನೆಗೆ ಬಂದು ಸೇರುವುದು ಇಲ್ಲಿಗೇ, ಹೆಚ್ಚು ತಪ್ಪುಗಳಾಗುವುದೂ ಇಲ್ಲೇ.

23 × 19 × 10 ಸೆಂ.ಮೀ. ಬ್ಲಾಕು ಸುಮಾರು 8 ಕೆ.ಜಿ. ತೂಗುತ್ತದೆ. ನಮ್ಮ ಕೋಣೆಗೆ 1,750 ಬೇಕು, ಒಡಕು ಸೇರಿ 1,850. ನೂರಕ್ಕೆ 6ರ ಲೆಕ್ಕದಲ್ಲಿ ಒಂದು ಮೂಟೆ ಸಿಮೆಂಟಿಗೆ ನೂರಕ್ಕಿಂತ ತುಸು ಹೆಚ್ಚು ಬ್ಲಾಕು, ಅಂದರೆ 18 ಮೂಟೆ. ಕಟ್ಟುವ ಗಾರೆಗೆ ಇನ್ನು ನಾಲ್ಕೈದು ಮೂಟೆ. ಐದಾರು ಜನರ ತಂಡ ದಿನಕ್ಕೆ 500 ಒತ್ತಿದರೆ ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಪ್ರೆಸ್ಸನ್ನು ಕೊಳ್ಳುವ ಅಗತ್ಯವಿಲ್ಲ, ಬಾಡಿಗೆಗೆ ಸಿಕ್ಕರೆ ಸಾಕು.

ಮಣ್ಣಿನ ಹದ ಮುಷ್ಟಿಯಲ್ಲಿ ಗೊತ್ತಾಗುತ್ತದೆ. ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ, ಹಾಗೆ ಒತ್ತಿದ ಬ್ಲಾಕು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮೊದಲು ಒಣ ಮಣ್ಣಿಗೆ ಸಿಮೆಂಟು ಬೆರೆಸಿ ಬಣ್ಣ ಒಂದೇ ಆಗುವವರೆಗೆ ತಿರುವಿ, ಆಮೇಲೆ ನೀರು ಚಿಮುಕಿಸಿ. ನೀರು ಬಿದ್ದ ಮೇಲೆ ಅರ್ಧ ಗಂಟೆಯಲ್ಲಿ ಖರ್ಚಾಗುವಷ್ಟನ್ನೇ ಕಲಸಿ. ಊಟಕ್ಕೆ ಹೋಗಿ ಬಂದು ಹಳೆಯ ರಾಶಿಗೆ ಮತ್ತೆ ನೀರು ಹಾಕಿ ಒತ್ತಿದ ಬ್ಲಾಕು ನೋಡಲು ಚೆನ್ನಾಗಿಯೇ ಇರುತ್ತದೆ, ಬಲ ಮಾತ್ರ ಇರುವುದಿಲ್ಲ. ಪ್ರತಿ ಸಲ ಅಚ್ಚಿಗೆ ಹಾಕುವ ಮಣ್ಣನ್ನು ತೂಗಿಯೇ ಹಾಕಬೇಕು. ಕಣ್ಣಳತೆಗೆ ಬಿಟ್ಟರೆ ಒಂದು ಬ್ಲಾಕು 9.5, ಇನ್ನೊಂದು 10.5 ಸೆಂ.ಮೀ. ಎತ್ತರ ಬಂದು ಮೇಸ್ತ್ರಿ ಆ ವ್ಯತ್ಯಾಸವನ್ನೆಲ್ಲ ಗಾರೆಯಲ್ಲಿ ತುಂಬುತ್ತಾನೆ. ಅಲ್ಲಿಗೆ ಸಿಮೆಂಟಿನ ಉಳಿತಾಯ ಮುಗಿಯಿತು.

ಆದರೆ ಎಲ್ಲಕ್ಕಿಂತ ಹೆಚ್ಚು ಬ್ಲಾಕುಗಳನ್ನು ಕೆಡಿಸುವುದು ಕ್ಯೂರಿಂಗ್ ತಪ್ಪಿಸುವುದು. ಒತ್ತಿದ ಕೂಡಲೇ ನೆರಳಲ್ಲಿ ಜೋಡಿಸಿ ಎರಡು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಆಮೇಲೆ 28 ದಿನದವರೆಗೆ ಒಣಗಲು ಬಿಡದಂತೆ ನೀರು ಹಾಕಬೇಕು. ನೀರಿಗೆ ಬರವಿರುವ ಕಡೆ ಇದು ಸಣ್ಣ ಮಾತಲ್ಲ. ಹಾಳೆಯನ್ನು ಕೊನೆಯವರೆಗೂ ಬಿಗಿಯಾಗಿ ಮುಚ್ಚಿಟ್ಟರೆ ಸಾಕಷ್ಟು ನೀರು ಉಳಿಯುತ್ತದೆ. ಬೇರೆಯವರಿಂದ ಬ್ಲಾಕು ಕೊಳ್ಳುವುದಾದರೆ ರಾಶಿಯ ನಡುವಿನಿಂದ ಐದನ್ನು ಎಳೆದು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ. ತೆಗೆದಾಗ ಅಂಚು ಮೊನಚಾಗಿಯೇ ಇರಬೇಕು, ಉಗುರಿಗೆ ಮಣ್ಣು ಕೆರೆದು ಬರಬಾರದು.

ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದು ಮರಳು ಸಿಗದಿದ್ದರೆ ಸಿಮೆಂಟಿನ ಬದಲು ಸುಣ್ಣ ಒಳ್ಳೆಯದು. ಜೇಡಿಯೊಂದಿಗೆ ಕೂಡಿ ಗಟ್ಟಿಯಾಗುವ ಗುಣ ಸುಣ್ಣಕ್ಕಿದೆ. ಆದರೆ ಅದು ನಿಧಾನ, ಇನ್ನೂ ಹೆಚ್ಚು ವಾರ ತೇವದಲ್ಲಿ ಇಡಬೇಕಾಗುತ್ತದೆ.

ದಮ್ಮಸು ಗೋಡೆ

ರ‍್ಯಾಮ್ಡ್ ಅರ್ತ್ ಹೆಸರಿನಲ್ಲಿ ಪತ್ರಿಕೆಗಳ ಬಣ್ಣದ ಪುಟಗಳಲ್ಲಿ ಮಿಂಚುವುದು ಇದೇ. ಪದರ ಪದರವಾಗಿ ಕಾಣುವ ಅದರ ಚೆಲುವಿಗೆ ಎದುರಿಲ್ಲ. 15 ಸೆಂ.ಮೀ. ಸಡಿಲ ಮಣ್ಣನ್ನು ಹಲಗೆಗಳ ನಡುವೆ ಸುರಿದು ಸುಮಾರು 10 ಸೆಂ.ಮೀ.ಗೆ ಇಳಿಯುವವರೆಗೆ ಕುಟ್ಟಬೇಕು. ಬೀಳುವ ಏಟಿನ ಸದ್ದು ಮಂಕಿನಿಂದ ಟಣ್ ಎನ್ನುವಂತೆ ಬದಲಾದಾಗ ಪದರ ಸಿದ್ಧ.

ಆದರೆ ಇದನ್ನು 'ಕಡಿಮೆ ಖರ್ಚಿನ' ಪಟ್ಟಿಯಲ್ಲಿ ಸೇರಿಸುವವರು ಸಿಮೆಂಟಿನ ಲೆಕ್ಕ ಹಾಕಿರುವುದಿಲ್ಲ. ಮಳೆ ತಡೆಯಲೆಂದು ನೂರಕ್ಕೆ 8 ಪಾಲು ಸಿಮೆಂಟು ಬೆರೆಸಿದ 30 ಸೆಂ.ಮೀ. ಗೋಡೆಗೆ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಮೂಟೆ ಬೇಕು. ನಮ್ಮ ಒಂದೇ ಕೋಣೆಗೆ 47 ಮೂಟೆ. ಬ್ಲಾಕಿನ ಗೋಡೆಗೆ ಗಾರೆಯೂ ಸೇರಿ ಅದರ ಅರ್ಧದಷ್ಟೇ. ಮೇಲೆ ಉಬ್ಬದೆ ನಿಲ್ಲುವಷ್ಟು ಗಟ್ಟಿಯಾದ ಹಲಗೆಗಳು, ಬೋಲ್ಟುಗಳು, ಕೈ ಪಳಗಿದ ತಂಡ ಬೇಕು. ಹಲಗೆ ಒಂದೆರಡು ಸೆಂ.ಮೀ. ಸರಿದರೂ ಗೋಡೆಯ ಹೊಟ್ಟೆ ಮುಂದೆ ಬರುತ್ತದೆ, ಅದನ್ನು ಮುಚ್ಚಿಡಲು ಗಿಲಾವೂ ಇಲ್ಲ. ಸಿಮೆಂಟು ಬೆರೆಸದ ದಮ್ಮಸು ಗೋಡೆಯೂ ಶತಮಾನಗಳ ಕಾಲ ಬಾಳಿದೆ. ಚೀನಾದ ಫ್ಯುಜಿಯಾನ್ ಪ್ರಾಂತದ ದೊಡ್ಡ ದುಂಡು ತುಲೋ ಮನೆಗಳು ಅಂಥವು. ಅವುಗಳ ಉದ್ದನೆಯ ಸೂರನ್ನು ಗಮನಿಸಿದರೆ ಕಾರಣ ಕಾಣುತ್ತದೆ. ಅಂಥ ಸೂರು ಕೊಡುವುದಾದರೆ ಸಿಮೆಂಟಿಲ್ಲದೆ ಹೋಗಿ. ಇಲ್ಲವಾದರೆ ಅಂದಕ್ಕಾಗಿ ಒಂದು ಗೋಡೆಯನ್ನು ಮಾತ್ರ ಹೀಗೆ ಮಾಡಿ, ಮಿಕ್ಕದ್ದನ್ನು ಬ್ಲಾಕಿನಲ್ಲಿ ಕಟ್ಟಿ.

ಮುದ್ದೆ ಗೋಡೆ

ಮಣ್ಣು, ಮರಳು, ಒಣಹುಲ್ಲು ತುಳಿದು ಕಲಸಿ, ಮುದ್ದೆ ಮುದ್ದೆಯಾಗಿ ಇಟ್ಟು ಏರಿಸುವುದು. ಇಂಗ್ಲಿಷಿನವರು ಕಾಬ್ ಎನ್ನುವುದು ಇದಕ್ಕೆ. ಅಚ್ಚು ಬೇಡ, ದುಂಡಗೆ ಬೇಕಾದರೆ ದುಂಡಗೆ ಬರುತ್ತದೆ, ಗೋಡೆಯಲ್ಲೇ ಗೂಡು, ಕಟ್ಟೆ ಮೂಡಿಸಬಹುದು. ನಾಲ್ಕು ಜನ ಗೆಳೆಯರು ಕೆಸರು ತುಳಿಯಲು ಸಿದ್ಧರಿದ್ದರೆ ಇದರಷ್ಟು ಖುಷಿಯ ಕೆಲಸ ಇನ್ನೊಂದಿಲ್ಲ. ಆದರೆ 45 ಸೆಂ.ಮೀ. ದಪ್ಪದಲ್ಲಿ ನಮ್ಮ ಕೋಣೆಗೆ 22 ಘನ ಮೀಟರಿಗೂ ಹೆಚ್ಚು ಮಣ್ಣು ಬೇಕು, ಹೆಚ್ಚು ಕಡಿಮೆ 40 ಟನ್. ಅಷ್ಟನ್ನೂ ಕಾಲಲ್ಲಿ ತುಳಿದು ಕೈಯಲ್ಲಿ ಎತ್ತಬೇಕು. ಒಂದು ಸಲಕ್ಕೆ 45 ಸೆಂ.ಮೀ. ಎತ್ತರಕ್ಕಿಂತ ಹೆಚ್ಚು ಏರಿಸಿದರೆ ತನ್ನ ಭಾರಕ್ಕೇ ಕುಸಿದು ಹೊರಗೆ ಉಬ್ಬುತ್ತದೆ. ಆರು ವರಸೆ, ನಡುವೆ ಒಂದೆರಡು ವಾರ ಒಣಗಲು. ಒಣಗುವುದಕ್ಕೇ ಎರಡು ಮೂರು ತಿಂಗಳು. ಕೂಲಿ ಕೊಟ್ಟು ಮಾಡಿಸಿದರೆ ಎಲ್ಲಕ್ಕಿಂತ ದುಬಾರಿ, ಸ್ವಂತ ಮೈ ಬಗ್ಗಿಸಿದರೆ ಎಲ್ಲಕ್ಕಿಂತ ಅಗ್ಗ.

ತಡಿಕೆ ಗೋಡೆ

ಬಡವರ ಗೋಡೆ ಎಂದು ಇದನ್ನು ಕಡೆಗಣಿಸುವವರು ಭೂಕಂಪದ ದಿನ ನೆನಪಿಸಿಕೊಳ್ಳಬೇಕು. ಇರಾನಿನ ಬಾಮ್ ಪಟ್ಟಣದಲ್ಲಿ 2003ರ ಡಿಸೆಂಬರಿನಲ್ಲಿ ನೆಲ ಅದುರಿದಾಗ ಕಟ್ಟುಪಟ್ಟಿ (ಗೋಡೆಗಳನ್ನು ಸುತ್ತಲೂ ಒಂದಾಗಿ ಬಿಗಿಯುವ ಪಟ್ಟಿ) ಇಲ್ಲದ ಹಸಿ ಇಟ್ಟಿಗೆಯ ಭಾರದ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ಕಂಬಗಳ ಮೇಲೆ ಹೆಣೆದ ತಡಿಕೆ ಹಗುರ, ಬಾಗುತ್ತದೆ. ಮಣ್ಣು ಉದುರಿದರೂ ಚೌಕಟ್ಟು ನಿಲ್ಲುತ್ತದೆ. ಅದುರುವ ಸೀಮೆಯಲ್ಲಿ ಬೇರೆ ಯಾವ ಬಗೆ ಆರಿಸಿದರೂ ಪ್ಲಿಂತ್ (ಪಾಯದ ಮೇಲೆ ಗೋಡೆ ಶುರುವಾಗುವ ಕಟ್ಟೆ), ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ), ಸೂರಿನ ಮಟ್ಟಗಳಲ್ಲಿ ಸುತ್ತಲೂ ಕಡಿಯದ ಕಟ್ಟುಪಟ್ಟಿ ಹಾಕಲೇಬೇಕು. ಅದಕ್ಕೆ ತಗಲುವ ಖರ್ಚನ್ನು ಹೋಲಿಕೆಯಲ್ಲಿ ಸೇರಿಸಿಕೊಳ್ಳಿ.

12 ಸೆಂ.ಮೀ. ದಪ್ಪದ ಈ ಗೋಡೆಗೆ ನಮ್ಮ ಕೋಣೆಯಲ್ಲಿ ಬೇಕಾಗುವ ಮಣ್ಣು 5 ಘನ ಮೀಟರ್ ಅಷ್ಟೇ. ಜೇಡಿ ಹೆಚ್ಚಿದ್ದರೂ ಹುಲ್ಲು ಧಾರಾಳವಾಗಿ ಬೆರೆಸಿದರೆ ಸರಿಹೋಗುತ್ತದೆ. ಒಳಮೈ ಹೊರಮೈ ಎರಡನ್ನೂ ಒಂದೇ ದಿನ ಮೆತ್ತಿ, ತಡಿಕೆಯ ಸಂದಿಯಲ್ಲಿ ಎರಡೂ ಕಡೆಯ ಮಣ್ಣು ಕೂಡಿಕೊಳ್ಳುವಂತೆ ಒತ್ತಿ. ಒಂದು ಕಡೆ ಒಣಗಿದ ಮೇಲೆ ಇನ್ನೊಂದು ಕಡೆ ಮೆತ್ತಿದರೆ ಎರಡು ಸಿಪ್ಪೆಗಳಾಗಿ ಬಿಟ್ಟುಕೊಳ್ಳುತ್ತವೆ. ಇಲ್ಲಿ ಶತ್ರು ಹುಳು. ಮೂರು ವರ್ಷ ದಾಟಿದ ಬಿದಿರನ್ನೇ ಕಡಿಯಿರಿ. ಸೀಳಿ, 100 ಲೀಟರ್ ನೀರಿಗೆ 3 ಕೆ.ಜಿ. ಬೋರಾಕ್ಸ್, 2 ಕೆ.ಜಿ. ಬೋರಿಕ್ ಆಮ್ಲ ಕರಗಿಸಿದ ತೊಟ್ಟಿಯಲ್ಲಿ ಒಂದು ವಾರ ಮುಳುಗಿಸಿಡಿ. ಈ ಔಷಧ ನೀರಿನಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ಬಿದಿರು ಹೊರಗೆ ಮಳೆಗೆ ಕಾಣಿಸಬಾರದು, ಕಂಬದ ಬುಡ ಮಣ್ಣಿಗೆ ತಾಗಬಾರದು. ಕಳ್ಳರಿಗೂ ಶಬ್ದಕ್ಕೂ ಈ ಗೋಡೆ ದೊಡ್ಡ ಅಡ್ಡಿಯಲ್ಲ ಎಂಬುದನ್ನು ಮುಚ್ಚಿಡುವ ಹಾಗಿಲ್ಲ.

ಚೀಲಗಳಲ್ಲಿ ಮಣ್ಣು ತುಂಬಿ, ವರಸೆಗಳ ನಡುವೆ ಮುಳ್ಳುತಂತಿ ಎರಡೆಳೆ ಎಳೆದು ಕಟ್ಟುವ ಬಗೆಯೂ ಇದೆ. ಕೆಟ್ಟ ಮಣ್ಣಿಗೂ, ಕಲಿಯದ ಕೈಗೂ ಒಗ್ಗುತ್ತದೆ. ಪ್ಲಾಸ್ಟಿಕ್ ಚೀಲ ಕೆಲವೇ ತಿಂಗಳ ಬಿಸಿಲಿಗೆ ಪುಡಿಯಾಗುವುದರಿಂದ ಕಟ್ಟಿದ ಬೆನ್ನಿಗೇ ಗಿಲಾವು ಬೀಳಬೇಕು, ಅಷ್ಟೇ. ಒಣಹುಲ್ಲಿನ ಕಂತೆಗಳ ಗೋಡೆ ಚಳಿ ಸೀಮೆಯಲ್ಲಿ ಬೆಚ್ಚಗಿರುತ್ತದೆ, ತೇವದ ಸೀಮೆಯಲ್ಲಿ ಒಳಗೊಳಗೇ ಕೊಳೆಯುತ್ತದೆ.

ಎಲ್ಲಕ್ಕೂ ಒಂದೇ ನಿಯಮ

ಬಗೆ ಯಾವುದೇ ಇರಲಿ, ನೆಲದಿಂದ ಕನಿಷ್ಠ 45 ಸೆಂ.ಮೀ. ಎತ್ತರದ ಕಲ್ಲಿನ ಪ್ಲಿಂತ್, ಅದರ ಮೇಲೆ ತೇವ ಏರದಂತೆ ಒಂದು ತಡೆಪದರ, 60ರಿಂದ 90 ಸೆಂ.ಮೀ. ಮುಂಚಾಚಿದ ಸೂರು ಬೇಕೇ ಬೇಕು. ಹಸಿ ಇಟ್ಟಿಗೆ, ಮುದ್ದೆ, ತಡಿಕೆಗಳಿಗೆ ಹೊರಗಡೆ ಸಿಮೆಂಟು ಗಿಲಾವು ಮಾಡಿಸಬೇಡಿ. ಮಣ್ಣು ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಹಾಗೆ ಮಾಡದೆ ಬಿರಿಯುತ್ತದೆ. ಬಿರುಕಿನಲ್ಲಿ ಒಳಹೊಕ್ಕ ನೀರು ಆರಲು ದಾರಿಯಿಲ್ಲದೆ ಗೋಡೆ ಹಿಂದಿನಿಂದ ಕರಗುತ್ತದೆ. ಒಂದು ದಿನ ಹಾಳೆಯಂತೆ ಗಿಲಾವು ಕಳಚಿ ಬಿದ್ದಾಗಲೇ ಗೊತ್ತಾಗುವುದು. ಸುಣ್ಣ 1, ಮರಳು 3ರ ಗಿಲಾವನ್ನು ತೆಳ್ಳಗೆ ಎರಡು ಮೂರು ಕೈ ಎಳೆಯಿರಿ. ಬರಿ ಮಣ್ಣಿನ ಗಿಲಾವಾದರೆ ಆಗಾಗ ಬಳಿಯುವ ಕೆಲಸ ಒಪ್ಪಿಕೊಳ್ಳಬೇಕು. ಮಾಲಿಯ ಜೆನ್ನೆ ಪಟ್ಟಣದ ದೊಡ್ಡ ಮಸೀದಿಗೆ ಊರೇ ಸೇರಿ ವರ್ಷವರ್ಷವೂ ಬಳಿಯುತ್ತದೆ. ಬಳಿಯುವವರು ಯಾರು ಎಂಬ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಉತ್ತರವಿಲ್ಲದಿದ್ದರೆ ಬ್ಲಾಕೇ ಸರಿ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಕಾಸು ಕಡಿಮೆ, ಸಮಯ ಹೆಚ್ಚು, ನಾಲ್ಕು ತಿಂಗಳ ಒಣ ಹವೆ ಖಚಿತ ಎನ್ನುವವರಿಗೆ ಹಸಿ ಇಟ್ಟಿಗೆ. ನಿವೇಶನ ಚಿಕ್ಕದು, ಮಳೆ ಜೋರು, ಸಾಲಕ್ಕೋ ಪರವಾನಗಿಗೋ ಎಂಜಿನಿಯರಿನ ಸಹಿ ಬೇಕು ಎನ್ನುವವರು ಬ್ಲಾಕು ಬಿಟ್ಟು ಬೇರೆ ಯೋಚಿಸುವುದು ವ್ಯರ್ಥ. ಅಳೆದು ಲೆಕ್ಕ ಕೊಡಲು ಎಲ್ಲಕ್ಕಿಂತ ಸುಲಭವಾದದ್ದು ಅದೇ. ಭೂಕಂಪದ ಹೆದರಿಕೆ ಅಥವಾ ರಾತ್ರಿಯೂ ಆರದ ಸೆಕೆ ಇದ್ದು ಬಿದಿರು ಹತ್ತಿರ ಸಿಗುವುದಾದರೆ ತಡಿಕೆ. ಮುದ್ದೆ ಗೋಡೆಯನ್ನು ಇಡೀ ಮನೆಗಿಂತ ಒಂದು ಸಣ್ಣ ದುಂಡು ಕೋಣೆಗೆ, ಒಲೆಕಟ್ಟೆಗೆ, ಕಾಂಪೌಂಡಿಗೆ ಇಟ್ಟುಕೊಳ್ಳುವುದು ಜಾಣತನ. ಬಗೆಗಳನ್ನು ಬೆರೆಸುವುದಕ್ಕೂ ಅಡ್ಡಿಯಿಲ್ಲ: ಮಳೆ ಬಡಿಯುವ ಹೊರಗೋಡೆ ಬ್ಲಾಕಿನದು, ಒಳಗಿನ ಅಡ್ಡಗೋಡೆ ಹಸಿ ಇಟ್ಟಿಗೆಯದು ಅಥವಾ ತಡಿಕೆಯದು. ಸಿಮೆಂಟು ಉಳಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಇನ್ನೂ ಎರಡರ ನಡುವೆ ತೂಗಾಡುತ್ತಿದ್ದರೆ, ಮಳೆಗಾಲಕ್ಕೆ ಮುಂಚೆ ನಿಮ್ಮದೇ ಮಣ್ಣಿನಲ್ಲಿ ಎರಡೂ ಬಗೆಯ ಮೋಟುಗೋಡೆ ಕಟ್ಟಿ. ಒಂದೊಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರ ಸಾಕು. ಕೆಳಗೆ ಕಲ್ಲು, ಮೇಲೆ ತಗಡು, ಗಿಲಾವಿಲ್ಲದೆ ಗಾಳಿಮಳೆಯ ದಿಕ್ಕಿಗೆ ಮುಖ ಮಾಡಿರಲಿ. ಮಳೆ ಮುಗಿದ ಮೇಲೆ ನೋಡಿ. ಕೆಳಗಿನ ಒಂದು ಗೇಣು ಮಾತ್ರ ಸವೆದಿದ್ದರೆ ತಪ್ಪು ಗೋಡೆಯದಲ್ಲ, ನೆಲದಿಂದ ಚಿಮ್ಮಿದ ನೀರಿನದು, ಪ್ಲಿಂತ್ ಎತ್ತರಿಸಿ. ಮೇಲಿನ ಅಂಚಿನಿಂದ ಗೀರು ಇಳಿದಿದ್ದರೆ ಸೂರು ಸಾಲದು. ಮುಖವಿಡೀ ಒಂದೇ ಸಮನೆ ಉದುರಿದ್ದರೆ ಮಾತ್ರ ಆ ಮಣ್ಣಿಗೆ ಆ ಬಗೆ ಒಗ್ಗಲಿಲ್ಲ ಎಂದರ್ಥ.